ಚಿಕ್ಕಪ್ಪನ ಕೈಗೆ ಪ್ರಸಾದ

ಸಂಡೂರಿನ ಧರ್ಮಕೇಂದ್ರದ ಚರ್ಚಿಗೆ ನಾನು ಗುರುವಾಗಿ ಹೋದ ಮೊದಲ ಭಾನುವಾರವೇ ಅವನು ಪರಮಪ್ರಸಾದದ ಸಾಲಿನಲ್ಲಿ ನಿಂತಿದ್ದ.

ನನಗೆ ಮೊದಲು ಕಂಡದ್ದು ಮುಖವಲ್ಲ, ಕೈ. ಪ್ರಸಾದ ಕೊಡುವಾಗ ನಾನು ಯಾವಾಗಲೂ ಕೈಗಳನ್ನೇ ನೋಡುವುದು. ಸಂಡೂರಿನಲ್ಲಿ ಎಲ್ಲರ ಅಂಗೈಯ ಗೆರೆಗಳಲ್ಲೂ ಅದಿರಿನ ಕೆಂಪು ಕೂತಿರುತ್ತದೆ. ಲಾರಿ ಡ್ರೈವರುಗಳದ್ದು, ವೆಲ್ಡಿಂಗ್ ಮಾಡುವವರದ್ದು, ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಬಂದ ಮೇಸ್ಟ್ರದ್ದೂ ಅಷ್ಟೇ. ಸಾಲು ಅವನ ತನಕ ಬರುವಷ್ಟರಲ್ಲಿ ಕೆಂಪು ಕೈ ನನಗೆ ಹೊಸದೆನಿಸುತ್ತಿರಲಿಲ್ಲ. ಆದರೆ ಎದುರಿಗೆ ಚಾಚಿದ್ದ ಎಡಗೈಯ ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಆ ಬೆರಳು ಹೋದದ್ದು ನಮ್ಮದೇ ಕಣದಲ್ಲಿ, ಭತ್ತ ಬಡಿಯುವ ಮಷೀನಿಗೆ ಸಿಕ್ಕು. ಅಮ್ಮ ತನ್ನ ಸೀರೆಯ ಸೆರಗನ್ನೇ ಹರಿದು, ಅರಿಶಿನ ಮೆತ್ತಿ ಕಟ್ಟಿದ್ದಳು. ನಾನು ಪಕ್ಕದಲ್ಲಿ ನಿಂತು ನೋಡಿದ್ದೆ.

ಮುಖ ಎತ್ತಿ ನೋಡಿದೆ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ. ತನ್ನ ಕೈಯನ್ನೇ ನೋಡಿಕೊಂಡು ನಿಂತಿದ್ದ. ನನ್ನ ಅಪ್ಪನನ್ನು ಕೊಂದವನು ಅವನು.

"ಕ್ರಿಸ್ತರ ಶರೀರ" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಆಮೆನ್" ಅಂದ. ಬಾಯಿಗೆ ಹಾಕಿಕೊಂಡು, ಎಲ್ಲರ ಹಾಗೆ ಪಕ್ಕಕ್ಕೆ ಸರಿದು ಹೋದ. ಅವನ ಹಿಂದೆ ಒಬ್ಬ ನರ್ಸಮ್ಮ ನಿಂತಿದ್ದರು. ಅವರಿಗೂ ಕೊಟ್ಟೆ, ಅವರ ಹಿಂದಿನವರಿಗೂ ಕೊಟ್ಟೆ. ಪೂಜೆ ಮುಗಿದ ಮೇಲೆ ಒಳಕೋಣೆಗೆ ಹೋಗಿ ನಲ್ಲಿಯ ಕೆಳಗೆ ಕೈ ತೊಳೆಯುತ್ತ ನಿಂತವನು ಎಷ್ಟೋ ಹೊತ್ತು ಹಾಗೇ ನಿಂತುಬಿಟ್ಟಿದ್ದೆ. ಚರ್ಚಿನ ಕೆಲಸ ನೋಡಿಕೊಳ್ಳುವ ಉಪದೇಶಿ ಬಂದು, "ಫಾದರ್, ಟ್ಯಾಂಕಿ ಖಾಲಿ ಆಕ್ಕತ್ರೀ" ಅಂದಾಗಲೇ ಎಚ್ಚರ.

ನಮ್ಮದು ಕಂಪ್ಲಿ ತಾಲೂಕು. ಎಮ್ಮಿಗನೂರು ದಾಟಿ ಮುಂದೆ ಹೋದರೆ, ಕಾಲುವೆಯ ತುದಿಗೆ ನಮ್ಮ ಕ್ಯಾಂಪು. ಕಾಲುವೆ ಬಂದ ಕಾಲಕ್ಕೆ ಗುಂಟೂರು ಕಡೆಯಿಂದ ಭತ್ತ ಬೆಳೆಯಲು ಬಂದ ಒಂದಷ್ಟು ಮನೆಗಳು, ನಡುವೆ ಒಂದು ಸಣ್ಣ ಗುಡಿಯಂಥ ಚರ್ಚು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಅಮ್ಮ ಎರಡನ್ನೂ ಕಲಸಿಕೊಂಡು ಮಾತಾಡುತ್ತಿದ್ದಳು. ತೆಲುಗಿನವರ ರೂಢಿಯಂತೆ ನನ್ನನ್ನು ಮುದ್ದಿಗೆ 'ನಾನ್ನಾ' ಅನ್ನುತ್ತಿದ್ದಳು, ಅಂದರೆ ಅಪ್ಪಾ ಅಂತ. ಅಪ್ಪ ಹೋದ ಮೇಲೆ ಆ ಮಾತು ಕೇಳಿದಾಗೆಲ್ಲ ನನಗೆ ಹೆಗಲ ಮೇಲೆ ಯಾರೋ ಕೈ ಇಟ್ಟಂತೆ ಆಗುತ್ತಿತ್ತು.

ಅಪ್ಪನೂ ಅವನೂ ಒಡಹುಟ್ಟಿದವರಲ್ಲ. ಒಂದೇ ಲಾರಿಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದವರು, ಅಕ್ಕಪಕ್ಕದ ಗದ್ದೆ ಹಿಡಿದವರು. ಅಮ್ಮನಿಗೆ ಅವನು ಮೈದುನನ ಲೆಕ್ಕ, ನಮಗೆ ಚಿಕ್ಕಪ್ಪ. ನನ್ನ ತಮ್ಮ ಹುಟ್ಟಿದಾಗ ಜ್ಞಾನಸ್ನಾನಕ್ಕೆ ಕೂಸನ್ನು ಎತ್ತಿಕೊಂಡು ನಿಂತವನು ಅವನೇ. ಹೆತ್ತವರು ಇಲ್ಲವಾದರೆ ಈ ಕೂಸನ್ನು ನಾನು ನೋಡಿಕೊಳ್ಳುತ್ತೇನೆ ಅಂತ ದೇವರ ಎದುರಿಗೆ ಮಾತು ಕೊಟ್ಟ ಜ್ಞಾನತಂದೆ.

ಜಗಳ ಆದದ್ದು ನೀರಿಗೆ. ಕಾಲುವೆಯ ತುದಿಯವರಿಗೆ ನೀರು ತಲುಪುವುದೇ ಕಷ್ಟ, ತಲುಪಿದರೆ ಪಾಳಿ. ನಾಟಿ ಮುಗಿದು ಪೈರು ಹಸಿರು ಹಿಡಿಯುವ ಹೊತ್ತು. ತನ್ನ ಪಾಳಿ ಅಂತ ಅಪ್ಪ ತೂಬಿಗೆ ಅಡ್ಡಲಾಗಿ ಮಣ್ಣಿನ ಚೀಲ ಇಟ್ಟಿದ್ದ. ಇಲ್ಲ, ಪಾಳಿ ನನ್ನದು ಅಂತ ಅವನು ಅದನ್ನು ಕಿತ್ತು ಹಾಕಿದ. ಊರಿಗೆಲ್ಲ ಇರುವ ಜಗಳ. ಆ ದಿನ ಬೆಳಿಗ್ಗೆ, ಹೊತ್ತು ಏರಿದ ಮೇಲೆ, ಇಬ್ಬರೇ ತೂಬಿನ ಹತ್ತಿರ ಇದ್ದರು. ಅವನ ಕೈಯಲ್ಲಿ ಸಲಿಕೆ ಇತ್ತು. ಒಂದೇ ಏಟು.

ನಾನಾಗ ಕಂಪ್ಲಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ಪಾಠದ ನಡುವೆ ಬಂದು ಕರೆದುಕೊಂಡು ಹೋದರು. ಹೋಗುವ ಹೊತ್ತಿಗೆ ಅಪ್ಪನನ್ನು ಗದ್ದೆಯ ಬದುವಿನ ಮೇಲೆ ಚಾಪೆ ಹಾಸಿ ಮಲಗಿಸಿದ್ದರು, ಪೊಲೀಸರು ಬರುವ ತನಕ ಮನೆಗೆ ಒಯ್ಯಬಾರದು ಅಂತ. ಅಮ್ಮ ದೂರದಲ್ಲಿ ಕೆಸರಿನಲ್ಲೇ ಕೂತಿದ್ದಳು. ತಮ್ಮ ಇನ್ನೂ ಸಣ್ಣವನು, ಅವಳ ಬೆನ್ನಿಗೆ ಅಂಟಿಕೊಂಡು, "ಚಿಕ್ಕಪ್ಪ ಎಲ್ಲಿ?" ಅಂತ ಕೇಳುತ್ತಿದ್ದ. ಚಿಕ್ಕಪ್ಪ ಮಧ್ಯಾಹ್ನದ ಹೊತ್ತಿಗೆ ತಾನೇ ಕಂಪ್ಲಿ ಠಾಣೆಗೆ ಹೋಗಿ ಕೂತಿದ್ದನಂತೆ.

ಅವನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುಂಟೂರಿಗೆ ಹೋದಳು. ಮತ್ತೆ ಬರಲಿಲ್ಲ. ಅವನಿಗೆ ಜೀವಾವಧಿ ಆಯಿತು. ನಾನು ಪಾದ್ರಿಯಾಗಲು ಗುರುಮಠ ಸೇರಿದೆ. ಅಪ್ಪ ಸತ್ತ ದುಃಖದಲ್ಲಿ ಹುಡುಗನಿಗೆ ದೇವರ ಕರೆ ಬಂತು ಅಂತ ಕ್ಯಾಂಪಿನವರು ಹೇಳಿದರು. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ಉಣ್ಣುವುದಕ್ಕೆ ಆಗುತ್ತಿರಲಿಲ್ಲ. ಯಾರೂ ಮಾತಾಡದ ಮನೆ ಅದು. ದೇವರ ಕರೆ ಆಮೇಲೆ ಬಂತು, ನಿಧಾನವಾಗಿ, ಬೇರೆ ದಾರಿಯಲ್ಲಿ.

ಶಿಕ್ಷೆ ಮುಗಿಸಿ ಅವನು ಹೊರಗೆ ಬಂದಿದ್ದಾನೆ ಅಂತ ಗೊತ್ತಿತ್ತು. ಸಂಡೂರಿನಲ್ಲಿ ಅದಿರು ದಾಸ್ತಾನಿನ ವಾಚ್‌ಮನ್ ಆಗಿದ್ದಾನೆ ಅನ್ನುವುದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಳ್ಳಾರಿಗೆ ಹೋಗಿ ಬಿಷಪ್ಪರಿಗೆ ಹೇಳಿದೆ. ಅವರು, "ಬ್ಯಾಡ ಅನ್ನಿಸಿದ್ರ ಹೇಳ್ರಿ, ಬೇರೆ ಕಡೆ ಹಾಕ್ತೀನಿ. ಹೋಗಿ ಯೋಚನಿ ಮಾಡ್ರಿ" ಅಂದರು. ಯೋಚನೆ ಮಾಡಿದೆ. ಬೇರೆ ಕಡೆ ಹೋದರೂ ಆ ಕೈ ನನ್ನ ಜೊತೆಗೇ ಬರುತ್ತದೆ ಅನ್ನಿಸಿತು. ಉಳಿದೆ.

ಅವನು ನನ್ನ ಹತ್ತಿರ ಪಾಪನಿವೇದನೆಗೆ ಬಂದಿದ್ದನೋ ಇಲ್ಲವೋ ಅನ್ನುವ ಗುಟ್ಟನ್ನು ಗುರುವಾದ ನಾನು ಹೇಳುವಂತಿಲ್ಲ, ಹೇಳುವುದೂ ಇಲ್ಲ. ಅವನಿಗೆ ಪ್ರಸಾದ ಇಲ್ಲ ಅನ್ನುವ ಅಧಿಕಾರ ನನಗಿರಲಿಲ್ಲ, ಅಷ್ಟೇ ಹೇಳಬಲ್ಲೆ. ಜೈಲಿನಲ್ಲಿದ್ದಾಗಲೇ ಅವನು ದೇವರ ಲೆಕ್ಕ ಸರಿಮಾಡಿಕೊಂಡಿದ್ದ ಅಂತ ಅಲ್ಲಿಗೆ ಹೋಗಿಬರುತ್ತಿದ್ದ ಹಿರಿಯ ಗುರುಗಳು ಎಂದೋ ಹೇಳಿದ್ದರು. ನ್ಯಾಯಾಲಯದ ಲೆಕ್ಕವೂ ಮುಗಿದಿತ್ತು. ಉಳಿದವರು ನಾವು ಮೂವರು. ಅಮ್ಮ, ತಮ್ಮ, ನಾನು.

ಒಂದು ಸಲ ಕ್ಷಮಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಗುರುದೀಕ್ಷೆಯ ಹಿಂದಿನ ದಿನ ಮೊಣಕಾಲೂರಿ, ಅವನ ಹೆಸರು ಹಿಡಿದು, ಕ್ಷಮಿಸಿದ್ದೇನೆ ಅಂತ ದೇವರಿಗೆ ಹೇಳಿದ್ದೆ. ಆಗ ಅವನು ಜೈಲಿನಲ್ಲಿದ್ದ. ದೂರದಲ್ಲಿದ್ದವನನ್ನು ಕ್ಷಮಿಸುವುದು ಸುಲಭ. ಈಗ ಪ್ರತಿ ಭಾನುವಾರ ಎದುರಿಗೆ ಬಂದು ಕೈ ಚಾಚುತ್ತಿದ್ದ. ಕೆಲವು ಭಾನುವಾರ ಏನೂ ಅನ್ನಿಸುತ್ತಿರಲಿಲ್ಲ. ಕೆಲವು ಸಲ ಶನಿವಾರ ರಾತ್ರಿಯೇ ಎದ್ದು ಚರ್ಚಿನ ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಏಳೆಪ್ಪತ್ತು ಸಲ ಕ್ಷಮಿಸಬೇಕು ಅನ್ನುವ ವಾಕ್ಯ ಬೈಬಲ್ ಪಾಠದಲ್ಲಿ ಬಂದ ದಿನ ನಾನು ಪ್ರಬೋಧನೆಯಲ್ಲಿ ಮಳೆಯ ಬಗ್ಗೆ, ಮಕ್ಕಳ ಪರೀಕ್ಷೆಯ ಬಗ್ಗೆ ಮಾತಾಡಿ ಇಳಿದುಬಿಟ್ಟೆ. ಅವನು ಕೊನೆಯ ಬೆಂಚಿನಲ್ಲಿ ಕೂತಿದ್ದ. ಅವನಿಗೆ ಅರ್ಥವಾಗಿತ್ತು ಅಂತ ನನಗೆ ಗೊತ್ತಾಯಿತು.

ಚರ್ಚಿನ ಅಂಗಳದಲ್ಲಿ ಅವನು ನನಗೆ ಕೈಮುಗಿದು "ಸ್ವಾಮಿ" ಅನ್ನುತ್ತಿದ್ದ. ನಾನು ತಲೆ ಆಡಿಸುತ್ತಿದ್ದೆ. ಅದಕ್ಕಿಂತ ಹೆಚ್ಚು ಮಾತು ನಮ್ಮ ನಡುವೆ ಇರಲಿಲ್ಲ.

ಮನೆಯಲ್ಲಿ ನಾನು ಈ ವಿಷಯ ಎತ್ತಿರಲಿಲ್ಲ. ಆದರೆ ಕ್ಯಾಂಪಿನ ಹುಡುಗರು ಅದಿರು ಲಾರಿ ಓಡಿಸುತ್ತಾರೆ, ಸುದ್ದಿಯನ್ನೂ ಸಾಗಿಸುತ್ತಾರೆ. ಒಂದು ದಿನ ತಮ್ಮ ಫೋನು ಮಾಡಿದ. ಅಪ್ಪನ ಗದ್ದೆಯನ್ನು ಈಗ ತಮ್ಮನೇ ಮಾಡುತ್ತಾನೆ. ಮಾತು ಕಡಿಮೆ, ಸಿಟ್ಟು ಹೆಚ್ಚು.

"ಅವ ನಿನ್ನ ಚರ್ಚಿಗೆ ಬರ್ತಾನಂತಲ್ಲ, ಖರೇನಾ?"

"ಹೌದು."

"ನೀನು ಅವನ ಕೈಯಾಗ ಪ್ರಸಾದ ಇಡ್ತೀಯಾ?"

"ಇಡ್ತೀನಿ."

"ಯಾವ ಕೈಯಾಗ ಇಡ್ತೀಯೋ ಅಣ್ಣಾ?" ಅಂದವನು ಫೋನು ಇಟ್ಟ.

ಆಮೇಲೆ ಬಂದ ಒಂದು ಭಾನುವಾರ, ಪೂಜೆಗೆ ಗಂಟೆ ಹೊಡೆಯುವ ಮುಂಚೆ, ಅಮ್ಮ ಚರ್ಚಿನ ಬಾಗಿಲಲ್ಲಿ ನಿಂತಿದ್ದಳು. ಒಬ್ಬಳೇ. ಹೊಸಪೇಟೆಯಲ್ಲಿ ಕಣ್ಣು ತೋರಿಸಿಕೊಂಡು, ಅಲ್ಲೇ ನೆಂಟರ ಮನೆಯಲ್ಲಿ ಉಳಿದು ಬರುತ್ತೇನೆ ಅಂತ ತಮ್ಮನಿಗೆ ಹೇಳಿ ಶನಿವಾರವೇ ಹೊರಟಿದ್ದಳು. ಬೆಳಿಗ್ಗೆ ಹೊಸಪೇಟೆಯಿಂದ ಸಂಡೂರಿನ ಬಸ್ಸು ಹಿಡಿದಿದ್ದಳು. ಘಾಟಿಯ ತಿರುವಿಗೆ ವಾಂತಿ ಮಾಡಿಕೊಂಡಿದ್ದಳು ಪಾಪ, ತುಟಿ ಬಿಳಚಿಕೊಂಡಿತ್ತು.

"ಅಮ್ಮಾ, ಒಳಗ ಬಂದು ಕುಂದ್ರು, ಚಾ ತರಸ್ತೀನಿ."

"ಬ್ಯಾಡ ನಾನ್ನಾ. ನೀನು ಪೂಜಿ ಮಾಡು. ನಾನು ಅವನ್ನ ನೋಡಾಕ ಬಂದೀನಿ."

ಆ ಪೂಜೆಯನ್ನು ಹೇಗೆ ಮಾಡಿದೆನೋ ಗೊತ್ತಿಲ್ಲ. ಪರಲೋಕ ಪ್ರಾರ್ಥನೆಯ ಹೊತ್ತಿಗೆ ಹೆಂಗಸರ ಸಾಲಿನ ಕಡೆ ನೋಡಿದೆ. ನಮಗೆ ಕೇಡು ಮಾಡಿದವರನ್ನು ಕ್ಷಮಿಸಿದಂತೆ ಅನ್ನುವ ಮಾತು ಬಂದಾಗ ಅಮ್ಮನ ತುಟಿ ನಿಂತುಬಿಟ್ಟಿತು. ಆ ಮಾತು ದಾಟಿದ ಮೇಲೆ ಮತ್ತೆ ಅಲುಗಿತು. ಅವಳು ಯಾವಾಗಲೂ ಹಾಗೇ ಪ್ರಾರ್ಥಿಸುತ್ತಿದ್ದಳು ಅಂತ ಆಮೇಲೆ ತಮ್ಮನ ಹೆಂಡತಿ ಹೇಳಿದಳು. ದೇವರ ಎದುರಿಗೆ ಸುಳ್ಳು ಯಾಕೆ ಆಡಲಿ ಅನ್ನುತ್ತಿದ್ದಳಂತೆ.

ಪೂಜೆ ಮುಗಿದು ಜನ ಚದುರಿದರು. ಅವನೂ ಅಮ್ಮನನ್ನು ನೋಡಿದ್ದ. ಓಡಿಹೋಗಲಿಲ್ಲ. ಅಂಗಳದ ಹೊಂಗೆ ಮರದ ಕೆಳಗೆ, ಚಪ್ಪಲಿ ಬಿಟ್ಟು ನಿಂತಿದ್ದ. ಅಮ್ಮ ನಿಧಾನವಾಗಿ ನಡೆದು ಹೋಗಿ ಅಲ್ಲಿದ್ದ ಕಲ್ಲಿನ ಮೇಲೆ ಕೂತಳು. ನಾನು ಜೊತೆಗೆ ಹೋದೆ.

"ಅತ್ತಿಗಿ" ಅಂದ. ಅಷ್ಟು ವರ್ಷದ ಮೇಲೆ ಅಮ್ಮನಿಗೆ ಅವನಾಡಿದ ಮೊದಲ ಮಾತು ಅದು. ಅವಳ ಕಾಲಿನ ಕಡೆ ಬಗ್ಗತೊಡಗಿದ.

"ಕಾಲಿಗೆ ಬೀಳಬ್ಯಾಡ" ಅಂದಳು ಅಮ್ಮ. "ನಾನು ಅದಕ್ಕ ಬಂದಿಲ್ಲ. ಒಂದು ಮಾತು ಕೇಳಾಕ ಬಂದೀನಿ. ಹೇಳ್ತೀಯಾ?"

"ಹೇಳ್ತೀನ್ರಿ."

"ಅವರು ಹೋಗಾ ಮುಂದ ಅಲ್ಲಿ ಇದ್ದಾತ ನೀನೊಬ್ಬನ. ಏನಾರ ಅಂದರೇನು?"

ನಾನು ಎಷ್ಟೋ ಜನರ ಸಾವಿನ ಹಾಸಿಗೆಯ ಪಕ್ಕ ಕೂತಿದ್ದೇನೆ. ನನ್ನ ಅಪ್ಪನಿಗೂ ಒಂದು ಕೊನೆಯ ಮಾತು ಇದ್ದಿರಬಹುದು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಒಂದೇ ಏಟು ಅಂದಿದ್ದರಲ್ಲ, ಅಲ್ಲೇ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಅಮ್ಮ ಹಾಗೆ ಅಂದುಕೊಂಡಿರಲಿಲ್ಲ. ಇಷ್ಟು ವರ್ಷ ಅದನ್ನೇ ಹೊತ್ತುಕೊಂಡಿದ್ದಳು.

ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಧೂಳು ಏಳುತ್ತಿತ್ತು, ಕೂರುತ್ತಿತ್ತು.

"ನೀರು ಕೇಳಿದ್ರು ಅತ್ತಿಗಿ."

"ಆಮ್ಯಾಲ?"

"ಎರಡು ಸಲ ಕೇಳಿದ್ರು. ಕಾಲುವಿ ತುಂಬ ನೀರು ಇತ್ತು. ನಾನು ಕೊಡಲಿಲ್ಲ. ಅಂಜಿ ಓಡಿದೆ. ಕಬ್ಬಿನ ಹೊಲದಾಗ ಹೊಕ್ಕೊಂಡು ಕುಂತೆ. ಅಲ್ಲಿಗೂ ಕೇಳಿಸ್ತಿತ್ತು. ಆಮ್ಯಾಲ ಕೇಳಿಸಲಿಲ್ಲ."

ಅಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

"ನನ್ನ ಹೆಸರು ಹಿಡೀಲಿಲ್ಲಾ?"

"ಇಲ್ರಿ."

"ಮಕ್ಕಳ ಹೆಸರು?"

"ಇಲ್ರಿ. ನೀರು ಅಂದ್ರು, ಅಷ್ಟ."

"ಸುಳ್ಳು ಹೇಳಬಹುದಿತ್ತಲ್ಲೋ ನೀನು" ಅಂದಳು ಅಮ್ಮ. ದನಿಯಲ್ಲಿ ಸಿಟ್ಟು ಇರಲಿಲ್ಲ. "ನನ್ನ ಹೆಸರು ಹಿಡಿದ್ರು ಅಂತ ಒಂದು ಮಾತು ಹೇಳಿದ್ರ ನಿಂದೇನು ಹೋಗ್ತಿತ್ತು?"

ಅವನು ಬಾಯಿ ತೆರೆದುಕೊಂಡೇ ಅತ್ತ. ಶಬ್ದ ಬರಲಿಲ್ಲ. ಅಮ್ಮ ನನ್ನ ಕೈ ಹಿಡಿದು ಎದ್ದಳು. ಅವನ ಕಡೆ ಮತ್ತೆ ನೋಡದೆ, "ಬಸ್ಸಿಗೆ ಹೊತ್ತಾತು" ಅಂದಳು.

ಹೊಸಪೇಟೆಯ ತನಕ ಅವಳ ಜೊತೆ ಹೋದೆ. ಕಂಪ್ಲಿ ಬಸ್ಸು ಬರುವುದು ತಡವಿತ್ತು. ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನಲ್ಲಿ ಕೂತೆವು. ಹಂಪಿಗೆ ಹೋಗುವ ಪ್ರವಾಸಿಗಳು ಬ್ಯಾಗು ಹೊತ್ತು ಆಟೋದವರ ಜೊತೆ ಚೌಕಾಸಿ ಮಾಡುತ್ತಿದ್ದರು. ಎದುರಿಗೇ ಬಾಳೆಹಣ್ಣಿನ ಗಾಡಿ. ಒಂದು ಚಿಪ್ಪು ಕೊಂಡೆ. ಅವಳು ಒಂದು ಹಣ್ಣು ಸುಲಿದು ಅರ್ಧ ತಿಂದು ನನಗೆ ಕೊಟ್ಟಳು.

"ನಾನು ಅವನ್ನ ಕ್ಷಮಿಸೀನಿ ಅಂತ ತಿಳಕೋಬ್ಯಾಡ ನಾನ್ನಾ."

"ಇಲ್ಲಮ್ಮಾ."

"ಅವ ಹಾಳಾಗಿ ಹೋಗಲಿ ಅಂತ ದಿನಾ ಬೇಡ್ಕೊಂತಿದ್ದೆ. ಜಪಸರ ಮುಗಿಸಿ ಅದೊಂದು ಬೇಡ್ಕೊಂತಿದ್ದೆ. ಇನ್ನ ಮ್ಯಾಲ ಅದನ್ನ ಬೇಡ್ಕೊಣಾದಿಲ್ಲ. ಇಷ್ಟ ಆಗೋದು ನನ್ನಿಂದ. ಸಾಕಾಗತೈತೇನು ನಿಮ್ಮ ದೇವರಿಗೆ?"

ಕ್ಷಮೆಯ ಬಗ್ಗೆ ನಾನು ಓದಿದ್ದು, ಬೋಧಿಸಿದ್ದು ಕಡಿಮೆಯಲ್ಲ. ಧ್ಯಾನಕೂಟಗಳಲ್ಲಿ ಗಂಟೆಗಟ್ಟಲೆ ಮಾತಾಡಿದ್ದೇನೆ. ಆ ಬೆಂಚಿನಲ್ಲಿ ಅವಳು ಕೊಟ್ಟ ಅರ್ಧ ಹಣ್ಣು ತಿಂದು ಮುಗಿಸಿದೆ. ಸಾಕು ಅನ್ನಲು ನಾನು ಯಾರು? ಸಾಲದು ಅನ್ನಲು ಬಾಯಿ ಎಲ್ಲಿಂದ ಬರಬೇಕು? ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಹಿಡಿದು ಕೂರಿಸಿದೆ. ಹೊರಡುವ ಮುಂಚೆ ಅವಳು ಹೊರಗೆ ಬಗ್ಗಿ, "ತಮ್ಮಗ ಹೇಳಬ್ಯಾಡ" ಅಂದಳು.

ಆ ವರ್ಷದ ಬೇಸಿಗೆಗೆ ಅಮ್ಮ ತೀರಿಕೊಂಡಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ಸಾಯುವವರ ಹಣೆಗೆ ಪವಿತ್ರ ತೈಲ ಹಚ್ಚುವ ಕೊನೆಯ ಅಭ್ಯಂಗವನ್ನು ನಾನೇ ಕೊಟ್ಟೆ. ಪ್ರಜ್ಞೆ ಇರಲಿಲ್ಲ, ಯಾರ ಹೆಸರನ್ನೂ ಹಿಡಿಯಲಿಲ್ಲ.

ಕ್ಯಾಂಪಿನ ಗೋರಿಗಳು ಇರುವುದು ಕಾಲುವೆಯ ಏರಿಯ ಪಕ್ಕದ ಸಣ್ಣ ದಿಬ್ಬದಲ್ಲಿ. ಅಪ್ಪನ ಪಕ್ಕದಲ್ಲೇ ಗುಂಡಿ ತೋಡಿದ್ದರು. ಸಾಯಂಕಾಲ ಇಳಿಬಿಸಿಲಿನಲ್ಲಿ ಪೆಟ್ಟಿಗೆ ಇಳಿಸಿ, ನಾನು ಪ್ರಾರ್ಥನೆ ಶುರುಮಾಡಿದ್ದೆ. ಜನರ ತಲೆ ಒಂದೊಂದಾಗಿ ಏರಿಯ ಕಡೆ ತಿರುಗಿತು. ಅವನು ಬರುತ್ತಿದ್ದ. ಬಿಳಿ ಅಂಗಿ, ಕೈಯಲ್ಲಿ ಮೇಣದಬತ್ತಿಯ ಒಂದು ಪೊಟ್ಟಣ. ಜೈಲಿಗೆ ಹೋದ ಮೇಲೆ ಆ ಮಣ್ಣಿಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಏರಿಯ ಮೇಲೆಯೇ ನಿಂತ, ಕೆಳಗೆ ಇಳಿಯಲಿಲ್ಲ.

ತಮ್ಮ ನೋಡಿದ. ಗುಂಡಿಯ ಪಕ್ಕ ಮಣ್ಣಿನ ಗುಡ್ಡೆಗೆ ಚುಚ್ಚಿದ್ದ ಸಲಿಕೆ ಕಿತ್ತುಕೊಂಡು ಹೊರಟ. ಯಾರೂ ತಡೆಯಲಿಲ್ಲ. ನಿಂತ ಜನ ದಾರಿ ಬಿಟ್ಟರು. ಅದು ನನ್ನನ್ನು ಈಗಲೂ ಹೆದರಿಸುತ್ತದೆ, ಅಷ್ಟು ಜನ, ಎಲ್ಲ ನನ್ನ ಕೈಯಿಂದ ಪ್ರಸಾದ ತಗೊಂಡವರು, ಸುಮ್ಮನೆ ದಾರಿ ಬಿಟ್ಟರು. ನಾನು ಪುಸ್ತಕ ಯಾರದೋ ಕೈಗೆ ತುರುಕಿ ಓಡಿದೆ. ನಿಲುವಂಗಿ ಕಾಲಿಗೆ ತೊಡರಿ ಒಂದು ಸಲ ಬಿದ್ದೆ. ಏರಿ ಹತ್ತುವಲ್ಲಿ ತಮ್ಮನನ್ನು ಹಿಡಿದೆ. ಸಲಿಕೆಯ ಹಿಡಿಯನ್ನು ಇಬ್ಬರೂ ಜಗ್ಗಾಡಿದೆವು. ಅವನು ದುಡಿಯುವ ಆಳು, ನಾನು ಪುಸ್ತಕ ಹಿಡಿದವನು. ಅವನು ಒಂದು ಸಲ ಜೋರಾಗಿ ಕೊಡವಿದ್ದಕ್ಕೆ ಅಲಗು ತಾಗಿ ನನ್ನ ಅಂಗೈ ಸೀಳಿತು.

"ಬಿಡೋ ಅಣ್ಣಾ! ನೀನು ಅಡ್ಡ ಬರಬ್ಯಾಡ!"

"ಲೇ, ಅಮ್ಮನ ಮ್ಯಾಲ ಇನ್ನೂ ಮಣ್ಣು ಬಿದ್ದಿಲ್ಲೋ."

ಅದೊಂದೇ ನನಗೆ ಬಂದ ಮಾತು. ಅದರಲ್ಲಿ ದೇವರೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ತಮ್ಮ ನನ್ನ ರಕ್ತ ನೋಡಿದನೋ, ಆ ಮಾತಿಗೆ ನಿಂತನೋ, ಅವನ ಕೈ ಸಡಿಲವಾಯಿತು. ನಾನು ಮೇಲೆ ತಿರುಗಿ ನೋಡಿದೆ. ಏರಿಯ ಮೇಲಿದ್ದವನು ನಿಂತಲ್ಲಿಂದ ಅಲುಗಿರಲಿಲ್ಲ. ಹೊಡೆತಕ್ಕೆ ತಲೆ ಬಗ್ಗಿಸಿ ಕಾಯುತ್ತಿದ್ದವನ ಹಾಗಿದ್ದ.

"ಚಿಕ್ಕಪ್ಪಾ, ಹೋಗು" ಅಂದೆ. "ಹೋಗು ನೀನು."

ಸಣ್ಣವನಿದ್ದಾಗಿನ ಮಾತು ಹೇಗೆ ಬಾಯಿಗೆ ಬಂತೋ. ಅವನು ಪೊಟ್ಟಣವನ್ನು ಏರಿಯ ಮೇಲೆ ಇಟ್ಟು, ಗುಂಡಿಯ ಕಡೆ ಕೈ ಮುಗಿದು, ಬಂದ ದಾರಿಯಲ್ಲೇ ನಡೆದು ಹೋದ. ನಾನು ಕರವಸ್ತ್ರ ಸುತ್ತಿಕೊಂಡು ವಾಪಸು ಬಂದು ಪ್ರಾರ್ಥನೆ ಮುಗಿಸಿದೆ. ತಮ್ಮ ಮಣ್ಣು ಹಾಕಿದ. ನನ್ನ ಮುಖ ನೋಡಲಿಲ್ಲ. ಮನೆಗೆ ಹೋದ ಮೇಲೆ, ನೆಂಟರ ಎದುರಿಗೇ ಅಂದ: "ಅವನಿಗೆ ಚಿಕ್ಕಪ್ಪ ಅಂದ್ಯಲ್ಲ ನೀನು. ಅಪ್ಪ ಅಮ್ಮ ಇಬ್ಬರೂ ಅಲ್ಲೇ ಮಲಗ್ಯಾರ, ಅವರ ಎದುರಿಗೆ ಅಂದಿ. ಇನ್ನ ಈ ಮನಿಗೆ ಬರಬ್ಯಾಡ."

ಹೋಗಲಿಲ್ಲ. ಹಬ್ಬ ಬಂತು ಹೋಯಿತು, ಫೋನು ಬರಲಿಲ್ಲ. ತಮ್ಮನ ಮಗಳ ಮೊದಲ ಪ್ರಸಾದಕ್ಕೆ ಬೇರೆ ಗುರುಗಳನ್ನು ಕರೆಸಿದ್ದರು. ಕೊಂದವನೊಬ್ಬ, ಒಡಹುಟ್ಟಿದವನೊಬ್ಬ, ಇಬ್ಬರಲ್ಲಿ ಯಾರನ್ನು ಕ್ಷಮಿಸುವುದು ಕಷ್ಟ ಅಂತ ಆಗ ಯಾರಾದರೂ ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ತಮ್ಮನಿಗೆ ತಪ್ಪು ಹೊರಿಸಲು ನನಗೆ ಮನಸ್ಸು ಬರಲಿಲ್ಲ. ಜ್ಞಾನಸ್ನಾನದ ಮಾತನ್ನು ಮುರಿದವನಿಂದ ಅವನಿಗೆ ಆದ ನಷ್ಟ ನನ್ನದಕ್ಕಿಂತ ದೊಡ್ಡದು. ಅಪ್ಪನ ಮುಖವೂ ಅವನಿಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಚಿಕ್ಕಪ್ಪನ ಮುಖ. ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಗೆ ಹೋಗುತ್ತಿದ್ದನಲ್ಲ, ಆ ಮುಖ.

ಮಣ್ಣಿನ ದಿನದ ನಂತರ ಅವನು ಚರ್ಚಿಗೆ ಬರುವುದನ್ನು ನಿಲ್ಲಿಸಿದ. ಕೆಲವು ವಾರ ನನಗೆ ನೆಮ್ಮದಿಯೇ ಆಯಿತು. ಆಮೇಲೆ ಹುಡುಕಿಕೊಂಡು ಹೋದೆ. ದಾಸ್ತಾನಿನ ಬೇಲಿಯ ಪಕ್ಕ ತಗಡಿನ ಶೆಡ್ಡು. ಒಳಗೆ ಒಂದು ಮಂಚ, ಒಂದು ಸ್ಟೋವು, ಗೋಡೆಗೆ ಶಿಲುಬೆ. ಅವನು ಮಲಗಿದ್ದ. ಎದೆಯೊಳಗೆ ಕೆಮ್ಮು ಗರಗಸದ ಹಾಗೆ ಎಳೆಯುತ್ತಿತ್ತು. ಇಷ್ಟು ವರ್ಷ ನುಂಗಿದ ಧೂಳು. ಹೊಸಪೇಟೆಯ ಡಾಕ್ಟರು ನೋಡಿ ಕೈ ಚೆಲ್ಲಿದ್ದರು.

ಅಲ್ಲಿಗೆ ಪ್ರತಿ ವಾರ ಪ್ರಸಾದ ಒಯ್ಯತೊಡಗಿದೆ. ಸಾಲಿನಲ್ಲಿ ನಿಂತವನಿಗೆ ಕೊಡುವುದು ಬೇರೆ, ಅವನ ಮನೆಗೆ ನಾನೇ ನಡೆದು ಹೋಗಿ ಕೊಡುವುದು ಬೇರೆ. ಒಂದು ದಿನ ಕೇಳಿದೆ: "ಅವತ್ತು ಯಾಕ ಬಂದಿ ಕ್ಯಾಂಪಿಗೆ? ಜೀವದ ಮ್ಯಾಲಿನ ಆಸೆ ಬಿಟ್ಟಿದ್ಯಾ?"

"ಒಂದು ಹಿಡಿ ಮಣ್ಣು ಹಾಕಬೇಕು ಅನ್ನಿಸ್ತು ಸ್ವಾಮಿ. ಅಣ್ಣನ ಮಣ್ಣಿಗೆ ಹೋಗಾಕ ಆಗಲಿಲ್ಲ. ಅವತ್ತು ಠಾಣ್ಯಾಗ ಇದ್ದೆ."

ಅಪ್ಪನನ್ನು ಅವನು ಅಣ್ಣ ಅಂದ. ಸಿಟ್ಟು ಬಂತು. ಎದ್ದು ಹೊರಗೆ ಬಂದು ಬೇಲಿಯ ಹತ್ತಿರ ನಿಂತೆ. ಗುಡ್ಡ ಅಗೆದು ಅಗೆದು ಮೆಟ್ಟಿಲಾಗಿ ಹೋಗಿತ್ತು ಎದುರಿಗೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೆಮ್ಮು ಜೋರಾಯಿತು. ಯಾರೂ ಇರಲಿಲ್ಲ. ಒಳಗೆ ಹೋಗಿ, ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದೆ. ಎಲುಬು ಕೈಗೆ ಸಿಗುತ್ತಿತ್ತು. ಇದನ್ನು ಕ್ಷಮೆ ಅನ್ನುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಮ್ಮುವವನನ್ನು ಹಾಗೇ ಬಿಟ್ಟು ಬರಲು ಆಗಲಿಲ್ಲ, ಅಷ್ಟೇ.

ಮರುವರ್ಷದ ಮಳೆಗಾಲದ ಶುರುವಿಗೆ ಅವನು ಸತ್ತ. ಗುಂಟೂರಿಗೆ ಸುದ್ದಿ ಕಳಿಸಿದೆ, ಯಾರೂ ಬರಲಿಲ್ಲ. ತಮ್ಮನ ಹೆಂಡತಿಗೂ ಒಂದು ಮಾತು ತಿಳಿಸಿದೆ. ಉಪದೇಶಿ, ದಾಸ್ತಾನಿನ ಇನ್ನೊಬ್ಬ ವಾಚ್‌ಮನ್ ಮತ್ತು ನಾನು ಸೇರಿ ಮಣ್ಣು ಮಾಡಿದೆವು. ಅಪ್ಪನ ಕೊಲೆಗಾರನನ್ನು ಮಣ್ಣು ಮಾಡಿದಾಗ ಮನಸ್ಸು ಹಗುರವಾಗುತ್ತದೆ ಅಂತ ನಾನು ಎಂದಾದರೂ ಅಂದುಕೊಂಡಿದ್ದೆನೇನೋ. ಆಗಲಿಲ್ಲ. ಅಳುವೂ ಬರಲಿಲ್ಲ. ಮುಂದಿನ ಭಾನುವಾರ ಪ್ರಸಾದ ಕೊಡುವಾಗ ಮಾತ್ರ ಅರ್ಧ ಬೆರಳಿನ ಆ ಕೈಗೆ ಕಾಯುತ್ತಿದ್ದೆ ಅಂತ ತಡವಾಗಿ ತಿಳಿಯಿತು.

ನಾಟಿಯ ಹೊತ್ತಿಗೆ ತಮ್ಮನ ಹೆಂಡತಿ ಫೋನು ಮಾಡಿದಳು. "ಭಾವಾರೇ, ಒಮ್ಮೆ ಬಂದು ಹೋಗ್ರಿ" ಅಂದಳು. ತಮ್ಮ ಹೇಳಿದನೇನು ಅಂತ ಕೇಳಿದೆ. "ಬ್ಯಾಡ ಅಂದಿಲ್ರಿ" ಅಂದಳು.

ಹೋದೆ. ತಮ್ಮ ಗದ್ದೆಯಿಂದ ಬಂದು, ಕಾಲು ತೊಳೆದು, ಮೊಣಕಾಲಿನ ತನಕ ಕೆಸರಿನ ಕಲೆ ಇದ್ದಂತೆಯೇ ಪಡಸಾಲೆಯಲ್ಲಿ ಕೂತ. ಕೂದಲು ಹಣ್ಣಾಗಿತ್ತು. ಅವನ ಹೆಂಡತಿ ಇಬ್ಬರಿಗೂ ಅನ್ನ ಬಡಿಸಿದಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳಿದ:

"ಎಲ್ಲಿ ಇಟ್ಟಿ ಅವನ್ನ?"

"ಸಂಡೂರಾಗ."

"ಹೆಂಡ್ತಿ ಮಕ್ಳು ಬಂದಿದ್ರೇನು?"

"ಇಲ್ಲ."

"ಮಣ್ಣು ಹಾಕಿದೋರು ಯಾರು?"

"ನಾನು. ಇನ್ನಿಬ್ಬರು."

ಅವನ ತಟ್ಟೆಯಲ್ಲಿ ಬೆರಳು ಹಾಗೇ ನಿಂತಿತ್ತು. ಅಮ್ಮ ಸಂಡೂರಿಗೆ ಬಂದದ್ದು, ಕೇಳಿದ್ದು, ಚಿಕ್ಕಪ್ಪ ಹೇಳಿದ್ದು, ಎಲ್ಲ ನನ್ನ ನಾಲಿಗೆಯ ತುದಿಗೆ ಬಂತು. ಅಪ್ಪ ನೀರು ಕೇಳಿದ್ದನ್ನು ತಿಳಿದು ತಮ್ಮ ಏನು ಮಾಡಬೇಕು? ಅದೇ ಕಾಲುವೆಯ ನೀರನ್ನು ದಿನಾ ಗದ್ದೆಗೆ ಕಟ್ಟುವವನು. ಹೇಳಲಿಲ್ಲ.

"ಒಂದು ಮಾತು" ಅಂದ ತಮ್ಮ. "ಈ ಮನ್ಯಾಗ ಅವನ ಮಾತು ತೆಗೀಬ್ಯಾಡ. ನೀನು ಬಾ. ಯಾವಾಗ ಬೇಕಾರ ಬಾ."

"ಆಗಲಿ."

"ಉಣ್ಣು. ಆರಿ ಹೊಂಟತಿ."

ಉಂಡೆ. ಅವನ ಮಗಳು ಸ್ಕೂಲಿನಿಂದ ಬಂದು, ಬಾಗಿಲಲ್ಲಿ ನನ್ನ ಚಪ್ಪಲಿ ನೋಡಿ, "ಯಾರು ಬಂದಾರ?" ಅಂತ ಹೊರಗಿನಿಂದಲೇ ಕೂಗಿದಳು. ತಮ್ಮ, "ನಿಮ್ಮ ದೊಡ್ಡಪ್ಪ" ಅಂದ.